ಓದುಗರ ಪ್ರಶ್ನೆ: ಸ್ಕಾಟ್ಸ್ ನುಡಿಯ ‘ಬ್ರೀಡ್’ ತಳಿಯೋ, ಅಗಲವೋ?

ಪ್ರಶ್ನೆ: ನಾನು ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸುತ್ತೇನೆ. ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ ಮುದಿ ಹೆಣ್ಣುಗುದುರೆಯೊಂದನ್ನು ಕುರಿತು ತನ್ನ ನಾಡಿನ ಸ್ಕಾಟ್ಸ್ ನುಡಿಯಲ್ಲಿ ಬರೆದ ಕವನದಲ್ಲಿ ‘ಸ್ಪ್ರೆಡ್ ಅಬ್ರೀಡ್’ ಎಂಬ ಮಾತು ಬರುತ್ತದೆ. ಕುದುರೆಯ ಪ್ರಸಂಗವಾದ್ದರಿಂದ ವಿದ್ಯಾರ್ಥಿಗಳು ಅದನ್ನು ತಳಿ ಎಂಬ ಅರ್ಥದ ಇಂಗ್ಲಿಷ್ ‘ಬ್ರೀಡ್’ ಎಂದೇ ತಿಳಿದರು. ಪುಸ್ತಕದ ಟಿಪ್ಪಣಿಯಲ್ಲಿ ‘ಅಗಲವಾಗಿ’ ಎಂದಷ್ಟೇ ಇದೆ. ಇದು ಇಂಗ್ಲಿಷಿನ ‘ಬ್ರೆಡ್ತ್’ ಶಬ್ದ ಹಳ್ಳಿಗರ ಬಾಯಲ್ಲಿ ಸವೆದು ಆದ ರೂಪವೇ? — ಧಾರವಾಡದ ಓದುಗರು

ಉತ್ತರ: ಟಿಪ್ಪಣಿ ಸರಿಯಾಗಿಯೇ ಇದೆ, ಆದರೆ ‘ಸವೆದು ಆದ ರೂಪ’ ಎಂಬ ಊಹೆ ಮಾತ್ರ ಸರಿಯಲ್ಲ. ಚರಿತ್ರೆಯನ್ನು ನೋಡಿದರೆ ಸ್ಕಾಟರ ‘ಬ್ರೀಡ್’ ಹಳೆಯದು, ಇಂಗ್ಲಿಷಿನ ‘ಬ್ರೆಡ್ತ್’ ಆಮೇಲೆ ಬಾಲ ಅಂಟಿಸಿಕೊಂಡು ಹುಟ್ಟಿದ್ದು.

ಹಳೆಯ ಇಂಗ್ಲಿಷಿನಲ್ಲಿ ಅಗಲವಾದದ್ದಕ್ಕೆ ‘ಬ್ರಾಡ್’ ಎಂಬ ವಿಶೇಷಣವಿತ್ತು. ಅದರಿಂದಲೇ ಅಗಲ ಎಂಬ ಅರ್ಥದ ‘ಬ್ರ್ಯಾಡು’ ಎಂಬ ನಾಮಪದ ಬಂತು. ನಾಮಪದ ಮಾಡಲು ಸೇರಿಸುತ್ತಿದ್ದ ಪ್ರತ್ಯಯದಲ್ಲಿ ಹಿಂದೊಮ್ಮೆ ಇಕಾರವಿದ್ದು, ಅದು ತನ್ನ ಮುಂಚಿನ ಆಕಾರವನ್ನು ತನ್ನ ಕಡೆಗೆ ಎಳೆದುಕೊಂಡದ್ದರಿಂದ ಸ್ವರ ಬದಲಾಯಿತು. ಇದೇ ಮನೆತನದ ಶಬ್ದಗಳು ಜರ್ಮನ್ನಿನಲ್ಲಿ ‘ಬ್ರೈಟ್’, ‘ಬ್ರೈಟ’ ಎಂದೂ ಸ್ವೀಡಿಷ್‌ನಲ್ಲಿ ‘ಬ್ರೆಡ್’ ಎಂದೂ ಇಂದಿಗೂ ಬಳಕೆಯಲ್ಲಿವೆ. ಜರ್ಮ್ಯಾನಿಕ್ ನುಡಿಗಳಿಂದ ಹಿಂದಕ್ಕೆ ಹೋದರೆ ಖಚಿತವಾದ ಸಂಬಂಧಿಗಳು ಸಿಗುವುದಿಲ್ಲವಾದ್ದರಿಂದ, ಸಂಸ್ಕೃತದ ಯಾವುದೋ ಧಾತುವಿಗೆ ಇದನ್ನು ಗಂಟು ಹಾಕುವ ಉತ್ಸಾಹವನ್ನು ಬಿಡುವುದೇ ಒಳ್ಳೆಯದು.

ಆ ಮೇಲೆ ಉತ್ತರದ ಮತ್ತು ದಕ್ಷಿಣದ ದಾರಿಗಳು ಬೇರೆಯಾದವು. ಹಳೆಯ ದೀರ್ಘ ಆಕಾರವು ದಕ್ಷಿಣ ಇಂಗ್ಲೆಂಡಿನಲ್ಲಿ ಓಕಾರದ ಕಡೆಗೆ ಹೊರಳಿದರೆ ಉತ್ತರದಲ್ಲಿ ಏಕಾರದ ಕಡೆಗೆ ಹೊರಳಿತು. ಇಂಗ್ಲಿಷಿನ ‘ಸ್ಟೋನ್’, ‘ಹೋಮ್’, ‘ಬೋನ್’ ಶಬ್ದಗಳಿಗೆ ಸ್ಕಾಟರು ‘ಸ್ಟೇನ್’, ‘ಹೇಮ್’, ‘ಬೇನ್’ ಎನ್ನುವುದು ಈ ಕಾರಣದಿಂದಲೇ. ಅಗಲವಾದ ಎಂಬ ವಿಶೇಷಣ ಸ್ಕಾಟ್ಸ್‌ನಲ್ಲಿ ‘ಬ್ರೇಡ್’ ಆದದ್ದೂ ಇದೇ ನಿಯಮದಂತೆ. ನಾಮಪದದಲ್ಲಿ ಸ್ವರ ಮೊದಲೇ ಬೇರೆಯಾಗಿತ್ತಲ್ಲ, ಅದು ಇನ್ನೂ ಮೇಲಕ್ಕೇರಿ ‘ಬ್ರೀಡ್’ ಎಂದು ನಿಂತಿತು. ಹೀಗೆ ‘ಬ್ರೇಡ್’ ಎಂದರೆ ಅಗಲವಾದ, ‘ಬ್ರೀಡ್’ ಎಂದರೆ ಅಗಲ ಎಂಬ ಜೋಡಿ ಉತ್ತರದಲ್ಲಿ ನೆಲೆಯಾಯಿತು.

ದಕ್ಷಿಣದಲ್ಲೂ ಬಹುಕಾಲ ಇದರ ಒಡಹುಟ್ಟು ಬಳಕೆಯಲ್ಲಿತ್ತು. ಹಳೆಯ ಇಂಗ್ಲಿಷ್ ಕವಿ ಚಾಸರ್ ತನ್ನ ಕ್ಯಾಂಟರ್‌ಬರಿ ಕಥೆಗಳಲ್ಲಿ ವೀರನೊಬ್ಬನ ಚಿತೆಯನ್ನು ವರ್ಣಿಸುವಾಗ, ಅದರ ತೋಳುಗಳು ಇಪ್ಪತ್ತು ಫ್ಯಾದಮ್ (ಆರು ಅಡಿಯ ಮಾರು) ‘ಬ್ರೇಡ’ ಚಾಚಿದ್ದವು ಎನ್ನುತ್ತಾನೆ. ಹದಿನಾರನೆಯ ಶತಮಾನದಲ್ಲಿ ‘ಲೆಂಗ್ತ್’ ಎಂಬುದರ ಜೊತೆ ಸದಾ ಜೋಡಿಯಾಗಿ ಬರುತ್ತಿದ್ದ ಈ ಶಬ್ದಕ್ಕೂ ಅದರದೇ ‘ತ್’ ಪ್ರತ್ಯಯವನ್ನು ಹಚ್ಚಿ ‘ಬ್ರೆಡ್ತ್’ ಮಾಡಿಕೊಂಡರು. ‘ವಿಡ್ತ್’ ಇನ್ನೂ ತಡವಾಗಿ, ಹದಿನೇಳನೆಯ ಶತಮಾನದಲ್ಲಿ ಕಾಣಿಸಿಕೊಂಡದ್ದು. 1755ರ ತಮ್ಮ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಅದನ್ನು ಕೀಳು ದರ್ಜೆಯ ಶಬ್ದವೆಂದು ತಳ್ಳಿಹಾಕಿದ್ದರು. ಇಂದು ಶಾಲೆಯ ಗಣಿತ ಪುಸ್ತಕದಿಂದ ಹಿಡಿದು ನಕ್ಷೆ ಬರೆಯುವವರ ತನಕ ಎಲ್ಲರೂ ಅದನ್ನೇ ಬಳಸುತ್ತಾರೆ. ಯಾವುದು ಶಿಷ್ಟ, ಯಾವುದು ಗ್ರಾಮ್ಯ ಎಂಬ ತೀರ್ಪುಗಳ ಬಾಳಿಕೆ ಇಷ್ಟೇ.

ಇನ್ನು ನಿಮ್ಮ ಕವನದ ವಿಷಯ. 1786ರಲ್ಲಿ ಕಿಲ್ಮಾರ್ನಾಕ್‌ನಲ್ಲಿ ಅಚ್ಚಾದ ಸಂಗ್ರಹದಲ್ಲಿರುವ ಈ ಕವನದಲ್ಲಿ ಮುದುಕ ರೈತನೊಬ್ಬ ಹೊಸವರ್ಷದ ಬೆಳಿಗ್ಗೆ ತನ್ನ ಕುದುರೆ ಮ್ಯಾಗಿಗೆ ಒಂದು ಹಿಡಿ ಕಾಳುತೆನೆ ಕೊಟ್ಟು, ಅದರ ಯೌವನವನ್ನು ನೆನೆಯುತ್ತಾನೆ. ಅದು ತನ್ನ ಮಾವನ ಮನೆಯ ಕುದುರೆಯಾಗಿದ್ದ ಕಾಲಕ್ಕೆ ಈಗ ಇಪ್ಪತ್ತೊಂಬತ್ತು ವರ್ಷ ಎಂದು ಲೆಕ್ಕ ಹೇಳುತ್ತಾನೆ. ನೀವು ಕೇಳಿದ ಸಾಲು ನೇಗಿಲು ಎಳೆಯುವ ಸಂದರ್ಭದ್ದು: ಅದು ಒಮ್ಮೆಯೂ ಅಡ್ಡಾದಿಡ್ಡಿ ಜಗ್ಗಲಿಲ್ಲ, ಒದೆಯಲಿಲ್ಲ, ಹೆದರಿ ಹಾರಲಿಲ್ಲ, ಬಾಲವನ್ನು ಒಮ್ಮೆ ಬೀಸಿ, ತುಂಬಿದ ಎದೆಯನ್ನು ‘ಅಬ್ರೀಡ್’ ಹರಡಿ ಎಳೆದರೆ ಜೊಂಡು ಬೇರುಗಳು ಹೆಣೆದುಕೊಂಡ ದಿಬ್ಬಗಳು ಚರಚರ ಹರಿದು ಮಗುಚಿ ಬೀಳುತ್ತಿದ್ದವು. ಎದೆಪಟ್ಟಿಗೆ ಭಾರ ಕೊಟ್ಟು ಮುನ್ನುಗ್ಗುವ ಪ್ರಾಣಿಯ ಎದೆ ಎರಡೂ ಪಕ್ಕಕ್ಕೆ ಹಿಗ್ಗುವುದನ್ನು ನೋಡಿದವನು ಮಾತ್ರ ಬರೆಯಬಲ್ಲ ಸಾಲು ಅದು. ಬರ್ನ್ಸ್ ಸ್ವತಃ ನೇಗಿಲು ಹಿಡಿದವನು. ಅವನ ಕವನಗಳ ಜೊತೆ ಅಚ್ಚಾಗುತ್ತ ಬಂದಿರುವ ಪದಕೋಶದಲ್ಲಿ ‘ಅಬ್ರೀಡ್’ ಎಂದರೆ ಅಗಲದಲ್ಲಿ ಎಂಬ ಅರ್ಥವೇ ಇದೆ. ತಳಿಯ ಮಾತು ಅಲ್ಲಿ ಇಲ್ಲವೇ ಇಲ್ಲ. ನಿಮ್ಮ ವಿದ್ಯಾರ್ಥಿಗಳು ತಪ್ಪು ತಿಳಿದದ್ದರಲ್ಲಿ ಆಶ್ಚರ್ಯವೂ ಇಲ್ಲ. ಕುದುರೆಯನ್ನು ಹೊಗಳುವ ಪದ್ಯದಲ್ಲಿ ‘ಬ್ರೀಡ್’ ಎಂದು ಕಂಡರೆ ಯಾರಿಗಾದರೂ ಮೊದಲು ಹೊಳೆಯುವುದು ತಳಿಯೇ.

ಪ್ರಶ್ನೆ: ಬರ್ನ್ಸ್‌ಗಿಂತ ಹಿಂದೆ ಈ ಶಬ್ದ ಸಾಹಿತ್ಯದಲ್ಲಿ ಸಿಗುತ್ತದೆಯೇ, ಅಥವಾ ಬರೀ ಆಡುಮಾತಿನಲ್ಲಿ ಇದ್ದದ್ದೇ? — ಮೈಸೂರಿನ ಓದುಗರು

ಉತ್ತರ: ಧಾರಾಳವಾಗಿ ಸಿಗುತ್ತದೆ. ಸ್ಕಾಟ್ಸ್ ಭಾಷೆಯ ಮೊದಲ ದೊಡ್ಡ ಕಾವ್ಯದಲ್ಲಿಯೇ ಇದೆ, ಅದೂ ಮತ್ತೆ ಕುದುರೆಗಳ ಪ್ರಸಂಗದಲ್ಲಿ.

ಆಬರ್ಡೀನ್‌ನ ಆರ್ಚ್‌ಡೀಕನ್ ಆಗಿದ್ದ ಜಾನ್ ಬಾರ್ಬರ್ 1370ರ ದಶಕದಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ಬ್ರೂಸ್ ದೊರೆಯ ಸಾಹಸಗಳನ್ನು ಹಾಡಿದ. 1314ರ ಜೂನ್‌ನಲ್ಲಿ ನಡೆದ ಬ್ಯಾನಕ್‌ಬರ್ನ್ ಕಾಳಗಕ್ಕೆ ಮುನ್ನ ಇಂಗ್ಲಿಷರ ಭಾರಿ ಅಶ್ವಸೈನ್ಯವನ್ನು ತಡೆಯಲು ಬ್ರೂಸ್ ದಾರಿಯ ಪಕ್ಕದ ಬಯಲಿನಲ್ಲಿ ಗುಂಡಿಗಳನ್ನು ತೋಡಿಸುತ್ತಾನೆ. ಆ ಗುಂಡಿಗಳ ಅಳತೆಯನ್ನು ಕವಿ ಒಬ್ಬ ಮೇಸ್ತ್ರಿಯಂತೆ ಹೇಳುತ್ತಾನೆ: ಸುತ್ತಲೂ ಒಂದು ‘ಫುಟ್‌ಬ್ರೀಡ್’, ಅಂದರೆ ಒಂದು ಅಡಿ ಅಗಲ; ಆಳ ಮನುಷ್ಯನ ಮೊಣಕಾಲುದ್ದ. ಜೇನುಹುಳುಗಳು ಕಟ್ಟುವ ಮೇಣದ ಹುಟ್ಟಿನ ಕಣ್ಣುಗಳಂತೆ ಅವು ಒತ್ತೊತ್ತಾಗಿದ್ದವು, ಮೇಲೆ ಕಡ್ಡಿಗಳನ್ನೂ ಹಸಿರು ಹುಲ್ಲನ್ನೂ ಮುಚ್ಚಿ ಕಾಣದಂತೆ ಮಾಡಿದ್ದರು. ಕುದುರೆಯ ಕಾಲು ಮುರಿಯಲು ದೊಡ್ಡ ಕಂದಕ ಬೇಕಿಲ್ಲ, ಗೊರಸು ಇಳಿದು ಸಿಕ್ಕಿಕೊಳ್ಳುವಷ್ಟು ಬಾಯಿ ಸಾಕು ಎಂಬ ಲೆಕ್ಕಾಚಾರ ಆ ಒಂದು ಶಬ್ದದಲ್ಲಿದೆ.

ಇದೇ ಬಗೆಯ ಜೋಡುನುಡಿಗಳು ಆಮೇಲಿನ ಕಾಲದಲ್ಲೂ ಉಳಿದವು. ಕೂದಲೆಳೆಯಷ್ಟು, ಅಂಗೈಯಷ್ಟು, ಹೆಜ್ಜೆಯಷ್ಟು ಎನ್ನಲು ಆಯಾ ಶಬ್ದಕ್ಕೆ ‘ಬ್ರೀಡ್’ ಸೇರಿಸಿದರೆ ಆಯಿತು. ದೇಹದ ಭಾಗಗಳನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದ ಕಾಲದಲ್ಲಿ ಉದ್ದವೂ ಕೊನೆಗೆ ಅಗಲದಿಂದಲೇ ಹುಟ್ಟುತ್ತಿತ್ತು ಎನ್ನಬೇಕು. ಒಂದನೆಯ ಡೇವಿಡ್ ದೊರೆಯ ಹೆಸರಿನಲ್ಲಿ ಬಂದಿರುವ ಹಳೆಯ ಸ್ಕಾಟಿಷ್ ಅಳತೆಯ ಕಟ್ಟಳೆಯಲ್ಲಿ ಅಂಗುಲವನ್ನು ನಿಗದಿ ಮಾಡುವ ರೀತಿ ನೋಡಿ: ಒಬ್ಬ ದೊಡ್ಡ ಆಳು, ಒಬ್ಬ ಮಧ್ಯಮ ಗಾತ್ರದವನು, ಒಬ್ಬ ಸಣ್ಣ ಆಳು, ಈ ಮೂವರ ಹೆಬ್ಬೆರಳುಗಳನ್ನು ಉಗುರಿನ ಬುಡದಲ್ಲಿ ಅಳೆದು ಸರಾಸರಿ ತೆಗೆಯಬೇಕು. ಅಂಥ 37 ಅಂಗುಲಗಳು ಸೇರಿದರೆ ಬಟ್ಟೆ ಅಳೆಯುವ ಒಂದು ‘ಎಲ್’. ದೊಡ್ಡ ಬೆರಳಿನ ವ್ಯಾಪಾರಿಯೂ ಸಣ್ಣ ಬೆರಳಿನ ಗಿರಾಕಿಯೂ ಜಗಳವಾಡದಂತೆ ಮಾಡಿದ ಈ ಏರ್ಪಾಡನ್ನು ಯಾರು ಯೋಚಿಸಿದರೋ, ಸಂತೆಯನ್ನು ಬಲ್ಲವರೇ ಇರಬೇಕು.

ಎರಡನೆಯ ಉದಾಹರಣೆ ಇದಕ್ಕಿಂತ ಸೊಗಸಾದದ್ದು. ಗ್ಯಾವಿನ್ ಡಗ್ಲಸ್ 1513ರಲ್ಲಿ ವರ್ಜಿಲ್ ಕವಿಯ ಈನಿಯಡ್ ಮಹಾಕಾವ್ಯವನ್ನು ಸ್ಕಾಟ್ಸ್‌ಗೆ ತಂದು ಮುಗಿಸಿದ. ಒಂದೊಂದು ಸರ್ಗಕ್ಕೂ ತಾನೇ ಒಂದು ಮುನ್ನುಡಿ ಬರೆದು ಸೇರಿಸಿದ. ಹನ್ನೆರಡನೆಯ ಮುನ್ನುಡಿಯಲ್ಲಿ ಮೇ ತಿಂಗಳ ಬೆಳಗಿನ ವರ್ಣನೆಯಿದ್ದು, ಅಲ್ಲಿ ಡೇಸಿ ಹೂವು ತನ್ನ ಪುಟ್ಟ ಕಿರೀಟವನ್ನು ‘ಆನ್‌ಬ್ರೀಡ್’ ಮಾಡಿತು ಎಂಬ ಸಾಲು ಬರುತ್ತದೆ. ರಾತ್ರಿ ಮುಚ್ಚಿಕೊಂಡಿದ್ದ ಎಸಳುಗಳು ಬಿಸಿಲು ತಾಗುತ್ತಲೇ ಸುತ್ತಲೂ ಬಿಚ್ಚಿಕೊಂಡವು ಎಂದು ಅರ್ಥ. ‘ಆನ್ ಬ್ರೀಡ್’ ಎಂಬುದು ಮೂಲದಲ್ಲಿ ‘ಅಗಲದಲ್ಲಿ’ ಎಂಬಷ್ಟೇ ಅರ್ಥದ ಎರಡು ಶಬ್ದಗಳು. ಅವು ಅಂಟಿಕೊಂಡು ಇಲ್ಲಿ ಕ್ರಿಯಾಪದವೇ ಆಗಿಬಿಟ್ಟಿವೆ. ಬರ್ನ್ಸ್‌ನ ‘ಅಬ್ರೀಡ್’ ಕೂಡ ಇದೇ ಜೋಡಿ ಇನ್ನಷ್ಟು ಸವೆದು ಉಳಿದ ರೂಪ.

ಅಳತೆಯನ್ನು ಹೇಳುತ್ತಿದ್ದ ಶಬ್ದ ಹೀಗೆ ಬಿಚ್ಚುವ, ಹರಡುವ ಕೆಲಸಕ್ಕೆ ಇಳಿದದ್ದೇ ಅದರ ಚರಿತ್ರೆಯಲ್ಲಿ ನನಗೆ ಮುಖ್ಯವಾಗಿ ಕಾಣುವ ಸಂಗತಿ. ಒಂದು ವಸ್ತುವಿಗೆ ಅಗಲ ಇದ್ದೇ ಇರುತ್ತದೆ ಎಂದುಕೊಳ್ಳುವುದು ಅಳೆಯುವವನ ದೃಷ್ಟಿ. ಮಡಿಸಿಟ್ಟದ್ದನ್ನು ಬಿಡಿಸಿದಾಗ, ಮುದುಡಿದ್ದು ಅರಳಿದಾಗ, ಎದೆ ಹಿಗ್ಗಿದಾಗ ಅಗಲ ಉಂಟಾಗುತ್ತದೆ ಎಂಬುದು ಹೊಲದಲ್ಲೂ ಮಗ್ಗದಲ್ಲೂ ಕೆಲಸ ಮಾಡುವವನ ದೃಷ್ಟಿ. ಸ್ಕಾಟ್ಸ್‌ನಲ್ಲಿ ಈ ಎರಡನೆಯದು ಗಟ್ಟಿಯಾಗಿ ಉಳಿಯಿತು, ಮುಂದೆ ಹೋಗಿ ‘ಅಬ್ರೀಡ್’ ಎಂದರೆ ಚೆಲ್ಲಾಪಿಲ್ಲಿಯಾಗಿ, ಬೇರೆಬೇರೆಯಾಗಿ ಎಂಬ ಅರ್ಥವೂ ಸೇರಿಕೊಂಡಿತು. ಅಗಲ, ಅಗಲಿಸು, ಅಗಲು ಎಂಬ ಶಬ್ದಗಳ ನಡುವೆ ಓಡಾಡಿ ಬೆಳೆದ ಕನ್ನಡಿಗರಿಗೆ ಈ ನಂಟನ್ನು ವಿವರಿಸುವ ಅಗತ್ಯವಿಲ್ಲ.

ಪ್ರಶ್ನೆ: ನಮ್ಮದು ಬಟ್ಟೆ ವ್ಯಾಪಾರದ ಮನೆ. ನಾವು ಬಟ್ಟೆಯ ಅಗಲಕ್ಕೆ ‘ಪನ್ನ’ ಎನ್ನುತ್ತೇವೆ, ದೊಡ್ಡ ಪನ್ನ, ಸಣ್ಣ ಪನ್ನ ಎಂದು ಥಾನುಗಳನ್ನು ಬೇರೆ ಮಾಡುತ್ತೇವೆ. ಸ್ಕಾಟ್ಲೆಂಡಿನ ನೇಕಾರರೂ ಈ ‘ಬ್ರೀಡ್’ ಶಬ್ದವನ್ನು ಹಾಗೆ ಬಳಸುತ್ತಿದ್ದರೇ? ಬ್ರಾಡ್‌ಕ್ಲಾತ್ ಎಂಬ ಹೆಸರು ಇದಕ್ಕೇ ಸೇರಿದ್ದೇ? — ಹುಬ್ಬಳ್ಳಿಯ ಓದುಗರು

ಉತ್ತರ: ಎರಡಕ್ಕೂ ಹೌದು. ‘ಬ್ರೀಡ್’ ಎಂದರೆ ಅಗಲವೆಂಬ ಗುಣ ಮಾತ್ರವಲ್ಲ, ಮಗ್ಗದಿಂದ ಇಳಿದ ಬಟ್ಟೆಯ ಒಂದು ಪನ್ನದ ಪಟ್ಟಿಯೂ ಹೌದು. ಇಷ್ಟು ‘ಬ್ರೀಡ್’ ಹೊಲಿದ ಲಂಗ, ಇಷ್ಟು ‘ಬ್ರೀಡ್’ ಜೋಡಿಸಿದ ಹೊದಿಕೆ ಎಂದು ಎಣಿಸಬಹುದಾದ ವಸ್ತು ಅದು. ಕೈಮಗ್ಗದಲ್ಲಿ ಒಬ್ಬ ನೇಕಾರ ಕೂತು ಎಡಗೈಯಿಂದ ಬಲಗೈಗೆ ಲಾಳಿ ದಾಟಿಸಬೇಕಾದ್ದರಿಂದ ಅವನ ತೋಳಿನ ಚಾಚೇ ಬಟ್ಟೆಗೆ ಎಲ್ಲೆಯಾಗಿತ್ತು. ಬೆಟ್ಟನಾಡಿನವರು ಸೊಂಟಕ್ಕೆ ಸುತ್ತಿ ಹೆಗಲಿಗೆ ಎಸೆದುಕೊಳ್ಳುತ್ತಿದ್ದ ದೊಡ್ಡ ಪ್ಲ್ಯಾಡ್ ಒಂದೇ ಪನ್ನದಲ್ಲಿ ಬರುತ್ತಿರಲಿಲ್ಲ. ಇಪ್ಪತ್ತೈದು ಮೂವತ್ತು ಇಂಚಿನ ಎರಡು ಪಟ್ಟಿಗಳನ್ನು ಉದ್ದಕ್ಕೂ ಜೋಡಿಸಿ ಹೊಲಿದರೇನೇ ಒಬ್ಬ ಮನುಷ್ಯ ರಾತ್ರಿ ಹೊದ್ದು ಮಲಗುವಷ್ಟು ಬಟ್ಟೆಯಾಗುತ್ತಿತ್ತು.

ಅಳತೆ ಸ್ಕಾಟಿಷ್ ಎಲ್‌ನಲ್ಲಿ. ಅದು 37 ಇಂಚು, ಇಂದಿನ ಲೆಕ್ಕದಲ್ಲಿ ಸುಮಾರು 94 ಸೆಂಟಿಮೀಟರ್. ಇಂಗ್ಲೆಂಡಿನ ಎಲ್ ಮಾತ್ರ 45 ಇಂಚು. ಗಡಿ ದಾಟಿ ವ್ಯಾಪಾರ ಮಾಡುವವರಿಗೆ ಈ ವ್ಯತ್ಯಾಸದಿಂದ ಎಷ್ಟು ತಲೆನೋವಾಗುತ್ತಿತ್ತೆಂದು ನಿಮ್ಮ ಮನೆಯವರೇ ಚೆನ್ನಾಗಿ ಊಹಿಸಬಲ್ಲರು. ಪರ್ತ್‌ಶೈರ್‌ನ ಡಂಕೆಲ್ಡ್ ಪಟ್ಟಣದಲ್ಲಿ ಹಳೆಯ ಮನೆಯೊಂದರ ಗೋಡೆಗೆ ಕಬ್ಬಿಣದ ಎಲ್ ಕೋಲೊಂದನ್ನು ಬಡಿದಿಟ್ಟಿದ್ದು, ಆ ಮನೆಗೆ ಎಲ್ ಮನೆ ಎಂದೇ ಹೆಸರು. ತಂದ ಬಟ್ಟೆಯನ್ನು ಅದಕ್ಕೆ ಹಿಡಿದು ನೋಡಿದರೆ ಸಂದೇಹ ಮುಗಿಯಿತು. ಮೇಲೆ ಹೇಳಿದ ಗ್ಯಾವಿನ್ ಡಗ್ಲಸ್ ಮುಂದೆ ಬಿಷಪ್ ಆದದ್ದು ಇದೇ ಡಂಕೆಲ್ಡ್‌ಗೆ. 1824ರ ಕಾಯಿದೆ ಇಡೀ ಬ್ರಿಟನ್ನಿಗೆ ಒಂದೇ ಅಳತೆಯನ್ನು ವಿಧಿಸಿದ ಮೇಲೆ ಸ್ಕಾಟಿಷ್ ಎಲ್‌ಗೆ ಅಂಗಡಿಯಲ್ಲಿ ಕೆಲಸ ಉಳಿಯಲಿಲ್ಲ.

ಬ್ರಾಡ್‌ಕ್ಲಾತ್ ಸ್ಕಾಟ್ಸ್‌ನಲ್ಲಿ ‘ಬ್ರೇಡ್ ಕ್ಲೇತ್’. ಇದು ಅಗಲವಾದ ಮಗ್ಗದಲ್ಲಿ, ಬೇಕಾದದ್ದಕ್ಕಿಂತ ತುಂಬ ಹೆಚ್ಚಿನ ಪನ್ನದಲ್ಲಿ ನೇಯ್ದು, ಆಮೇಲೆ ನೀರಿನಲ್ಲಿ ಬಡಿದು ಕುಗ್ಗಿಸಿ ದಟ್ಟ ಮಾಡಿದ ಉಣ್ಣೆಬಟ್ಟೆ. ಲಾಳಿಯನ್ನು ಆಚೆಯಿಂದ ಈಚೆಗೆ ಎಸೆಯಲು ಇಬ್ಬರು ನೇಕಾರರು ಬೇಕಾಗುತ್ತಿತ್ತು. 1733ರಲ್ಲಿ ಜಾನ್ ಕೇ ಹಾರುಲಾಳಿಗೆ ಪೇಟೆಂಟ್ ಪಡೆದ ಮೇಲೆ ಒಬ್ಬನೇ ಹಗ್ಗ ಜಗ್ಗಿ ಆ ಕೆಲಸ ಮಾಡುವುದು ಸಾಧ್ಯವಾಯಿತು. ಇಬ್ಬರ ಕೂಲಿಯಿಂದ ಆದ ಬಟ್ಟೆ ಎಂದ ಮೇಲೆ ಅದು ಉಳ್ಳವರ ಉಡುಪಾದದ್ದು ಸಹಜ. ಎಡಿನ್‌ಬರೋದ ಕವಿ ರಾಬರ್ಟ್ ಫರ್ಗ್ಯುಸನ್ 1772ರಲ್ಲಿ ಈ ಬಟ್ಟೆಯ ಹೆಸರನ್ನೇ ಇಟ್ಟು ಒಂದು ವಿಡಂಬನೆ ಬರೆದ. ವಾರವೆಲ್ಲ ಗಡ್ಡ ಹೆರೆದ ಕ್ಷೌರಿಕ ಭಾನುವಾರ ಅಂಗಿಗೆ ಬೆಳ್ಳಿಯ ಪಿನ್ನು ಚುಚ್ಚಿಕೊಂಡು, ಬ್ರೇಡ್ ಕ್ಲೇತ್ ತೊಟ್ಟು, ಊರ ಹುಲ್ಲುಗಾವಲಿನಲ್ಲಿ ಠೀವಿಯಿಂದ ಅಡ್ಡಾಡುತ್ತಾನೆ. ಶೇಕ್ಸ್‌ಪಿಯರನ ಅಥವಾ ನ್ಯೂಟನ್ನನ ಬುದ್ಧಿ ಇದ್ದರೂ ಮೈಮೇಲೆ ಈ ಬಟ್ಟೆ ಇಲ್ಲದಿದ್ದರೆ ಜನ ನಂಬುವುದಿಲ್ಲ ಎಂದು ಕವನ ಮುಗಿಯುತ್ತದೆ. ಬರೆದವನು ನಕಲು ತೆಗೆಯುವ ಗುಮಾಸ್ತನಾಗಿದ್ದು, 1774ರಲ್ಲಿ ಇಪ್ಪತ್ತನಾಲ್ಕರ ವಯಸ್ಸಿಗೇ ತೀರಿಕೊಂಡ. ಅವನನ್ನು ಗುರುವೆಂದು ಭಾವಿಸಿದ್ದ ಬರ್ನ್ಸ್ ಮುಂದೆ ಅವನ ಸಮಾಧಿಗೆ ತನ್ನ ಖರ್ಚಿನಲ್ಲಿ ಕಲ್ಲು ಹಾಕಿಸಿದ.

ನೇಕಾರರಷ್ಟೇ ಅಲ್ಲ, ಸುಗ್ಗಿಯವರೂ ಈ ಶಬ್ದವನ್ನು ತಮ್ಮದಾಗಿಸಿಕೊಂಡಿದ್ದರು. ಕೊಯ್ದ ತೆನೆಯನ್ನು ಕಟ್ಟಲು ಹುಲ್ಲಿನ ಹುರಿಯನ್ನು ನೆಲದ ಮೇಲೆ ಚಾಚಿ, ಅದರ ಮೇಲೆ ತೆನೆ ಹರಡಿ, ಇನ್ನೂ ಕಟ್ಟದೆ ಬಿಟ್ಟಿದ್ದರೆ ಬೆಳೆ ‘ಬ್ರೇಡ್‌ಬ್ಯಾಂಡ್’ನಲ್ಲಿ ಮಲಗಿದೆ ಎನ್ನುತ್ತಿದ್ದರು. ಕಟ್ಟಿದ ಸಿವುಡು ಒಳಗೊಳಗೇ ಬಿಸಿಯೇರಿ ಕೆಡುವ ಭಯವಿರುವ ಒದ್ದೆ ಹವೆಯ ನಾಡಿನಲ್ಲಿ, ಕಟ್ಟದೆ ಬಿಟ್ಟ ಸ್ಥಿತಿಗೂ ಒಂದು ಹೆಸರು ಇದ್ದೇ ಇರಬೇಕಷ್ಟೆ.

ಪ್ರಶ್ನೆ: ಸ್ಕಾಟ್ಲೆಂಡಿನಲ್ಲಿರುವ ನನ್ನ ಮಗಳು ‘ಬ್ರೀಡ್’ ಎಂದರೆ ಅಲ್ಲಿ ತಿನ್ನುವ ಬ್ರೆಡ್ಡು ಎನ್ನುತ್ತಾಳೆ. ಯಾರು ಸರಿ? — ಶಿವಮೊಗ್ಗದ ಓದುಗರು

ಉತ್ತರ: ನಿಮ್ಮ ಮಗಳು ಹೇಳಿದ್ದೂ ಸರಿ. ಅಗಲದ ‘ಬ್ರೀಡ್’, ರೊಟ್ಟಿಯ ‘ಬ್ರೀಡ್’, ತಳಿಯ ‘ಬ್ರೀಡ್’ ಮೂರೂ ಬೇರೆಬೇರೆ ಶಬ್ದಗಳಿಂದ ಬಂದವು. ಸ್ಕಾಟ್ಸ್‌ನಲ್ಲಿ ಸ್ವರಗಳು ಬದಲಾಗುತ್ತ ಒಂದೇ ಉಚ್ಚಾರಕ್ಕೆ ಬಂದು ಸೇರಿವೆ. ಕಾಗುಣಿತವೂ ಬಹಳ ಕಡೆ ಒಂದೇ ಆಗಿರುವುದರಿಂದ ಹಿಂದುಮುಂದಿನ ಮಾತು ನೋಡಿಯೇ ಅರ್ಥ ಮಾಡಿಕೊಳ್ಳಬೇಕು. ಆಕೆ ಆಬರ್ಡೀನ್ ಕಡೆಯಲ್ಲಿದ್ದರೆ ಇನ್ನೊಂದು ತೊಡಕೂ ಇದೆ: ಆ ಈಶಾನ್ಯ ಭಾಗದ ಹಳಬರ ಬಾಯಲ್ಲಿ ‘ಬ್ರೀಡ್’ ಎಂದರೆ ಓಟ್ಸ್ ಹಿಟ್ಟಿನ ಗರಿಗರಿ ರೊಟ್ಟಿ, ಅಂಗಡಿಯ ಮೆತ್ತನೆಯ ಬ್ರೆಡ್ಡಿಗೆ ಅವರು ‘ಲೋಫ್’ ಎನ್ನುತ್ತಾರೆ.

ಪ್ರಶ್ನೆ: ‘ಸರ್ ಪ್ಯಾಟ್ರಿಕ್ ಸ್ಪೆನ್ಸ್’ ಲಾವಣಿಯಲ್ಲಿ ರಾಜ ‘ಬ್ರೇಡ್ ಲೆಟರ್’ ಬರೆದ ಎಂದಿದೆ. ಅಗಲವಾದ ಕಾಗದ ಎಂದರೇನು? — ಮಂಗಳೂರಿನ ಓದುಗರು

ಉತ್ತರ: ಥಾಮಸ್ ಪರ್ಸಿ 1765ರಲ್ಲಿ ತಮ್ಮ ಸಂಕಲನದಲ್ಲಿ ಈ ಲಾವಣಿಯನ್ನು ಅಚ್ಚು ಹಾಕಿಸಿದಾಗಲೇ ಇದಕ್ಕೆ ಟಿಪ್ಪಣಿ ಬೇಕಾಗಿತ್ತು. ಮಡಿಸಿ ಮುದ್ರೆಯೊತ್ತಿದ ಖಾಸಗಿ ಕಾಗದಕ್ಕೆ ಎದುರಾದ, ಎಲ್ಲರೂ ಓದಬಹುದಾದ ಬಹಿರಂಗ ರಾಜಪತ್ರ ಎಂದು ಅವರು ಅರ್ಥ ಹೇಳಿದರು. ಉದ್ದನೆಯ ಕಾಗದ ಎಂದವರೂ, ಮುಲಾಜಿಲ್ಲದ ಆಜ್ಞೆ ಎಂದವರೂ ಇದ್ದಾರೆ. ಬಿಡಿಸಿ ಹರಡಿದ್ದು ಎಂಬ ಅರ್ಥ ಈ ಶಬ್ದಕುಟುಂಬದಲ್ಲಿ ಎಷ್ಟು ಬಲವಾಗಿದೆ ಎಂಬುದನ್ನು ನೋಡಿದರೆ ನನಗೆ ಪರ್ಸಿಯವರ ಮಾತೇ ಹೆಚ್ಚು ಒಪ್ಪಿಗೆಯಾಗುತ್ತದೆ. ಆದರೆ ಕಡಲತೀರದಲ್ಲಿ ಅಡ್ಡಾಡುತ್ತಿದ್ದ ನಾವಿಕ ಮೊದಲ ಸಾಲು ಓದಿ ಗಟ್ಟಿಯಾಗಿ ನಕ್ಕು, ಎರಡನೆಯ ಸಾಲಿಗೆ ಕಣ್ಣೀರು ತಂದುಕೊಳ್ಳುವುದನ್ನು ನೆನೆದರೆ, ಅವನ ಮಟ್ಟಿಗೆ ಅದು ಮುಲಾಜಿಲ್ಲದ ಆಜ್ಞೆಯೂ ಆಗಿತ್ತೆಂದು ಹೇಳುವವರನ್ನು ಅಲ್ಲಗಳೆಯಲಾಗದು. ಚಳಿಗಾಲದ ಕಡಲಿಗೆ ಹಡಗು ಇಳಿಸಬೇಕೆಂಬ ಆದೇಶ ಅದರಲ್ಲಿತ್ತು.

‘ಬ್ರೇಡ್ ಸ್ಕಾಟ್ಸ್’ ಎಂಬ ಹೆಸರಿನಲ್ಲಿಯೂ ಇದೇ ಶಬ್ದವಿದೆ: ಇಂಗ್ಲಿಷಿನ ಕಡೆಗೆ ಬಾಗಿಸದೆ, ನಾಲಿಗೆ ಬಿಟ್ಟು ಆಡಿದ ಅಪ್ಪಟ ಸ್ಕಾಟ್ಸ್ ನುಡಿ ಎಂದರ್ಥ.

ಪ್ರಶ್ನೆ: ಇಂಥ ಶಬ್ದಗಳನ್ನು ನಾವೇ ಹುಡುಕಿಕೊಳ್ಳಲು ಯಾವ ನಿಘಂಟು ನೋಡಬೇಕು? — ಧಾರವಾಡದ ಮೊದಲ ಓದುಗರೇ

ಉತ್ತರ: ಮೊದಲ ದೊಡ್ಡ ಪ್ರಯತ್ನ ಪಾದ್ರಿಯಾಗಿದ್ದ ಜಾನ್ ಜೇಮೀಸನ್ ಅವರದು, ಅವರ ಎರಡು ಸಂಪುಟಗಳು 1808ರಲ್ಲಿ ಬಂದವು. ಆಡುಮಾತನ್ನು ಕಿವಿಯಿಂದ ಕೇಳಿ ಸೇರಿಸಿದ್ದರಿಂದ ಅದು ಇಂದಿಗೂ ಓದಲು ರುಚಿಯಾಗಿದೆ. ಅವರ ವ್ಯುತ್ಪತ್ತಿಗಳನ್ನು ಮಾತ್ರ ಕಣ್ಣು ಮುಚ್ಚಿ ನಂಬಬಾರದು. ಇಪ್ಪತ್ತನೆಯ ಶತಮಾನದಲ್ಲಿ ಕೆಲಸವನ್ನು ಎರಡಾಗಿ ಹಂಚಿಕೊಂಡರು: 1700ರವರೆಗಿನ ಬರಹಗಳಿಗೆ ಹನ್ನೆರಡು ಸಂಪುಟಗಳು, ಅದರ ಈಚಿನ ನುಡಿಗೆ ಹತ್ತು ಸಂಪುಟಗಳು. ಹತ್ತು ಸಂಪುಟಗಳದ್ದು 1976ರಲ್ಲಿ, ಹನ್ನೆರಡರದ್ದು 2002ರಲ್ಲಿ ಪೂರ್ಣಗೊಂಡಿತು. ಎರಡನ್ನೂ ಸೇರಿಸಿ 2004ರಿಂದ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಬಾರ್ಬರ್, ಡಗ್ಲಸ್ ಮೊದಲಾದವರನ್ನು ಓದುವಾಗ ಹಳೆಯ ಭಾಗದಲ್ಲಿ ಬಿ-ಆರ್-ಇ-ಡಿ-ಇ ಎಂಬ ಕಾಗುಣಿತದಲ್ಲಿ ಹುಡುಕಿ. ಬರ್ನ್ಸ್ ಮತ್ತು ಈಚಿನವರಿಗೆ ಹೊಸ ಭಾಗದಲ್ಲಿ ಇ-ಐ ಇರುವ ರೂಪವನ್ನೂ ಎರಡು ಇ ಇರುವ ರೂಪವನ್ನೂ ನೋಡಿ. ‘ಅಬ್ರೀಡ್’ ಶಬ್ದವನ್ನು ಅಕಾರದ ಕೆಳಗೆ ಪ್ರತ್ಯೇಕವಾಗಿ ನೋಡಬೇಕಾಗುತ್ತದೆ.